ಬೆರಳಚ್ಚಿಗೂ ಬೀಗ ಇರಲಿ

ಮಾನ್ಯರೇ,

ಆಧಾರ್ ಆಧಾರಿತ ಪಾವತಿಯಲ್ಲಿ ಹಣ ತೆಗೆಯಲು ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು ಇದ್ದರೆ ಸಾಕು. ಪಿನ್ನೂ ಬೇಡ, ಒಟಿಪಿಯೂ ಬೇಡ. ಆಸ್ತಿ ನೋಂದಣಿ ಪತ್ರಗಳ ಮೇಲಿನ ಹೆಬ್ಬೆಟ್ಟಿನ ಗುರುತನ್ನೇ ನಕಲು ಮಾಡಿ ಖಾತೆಗೆ ಕನ್ನ ಹಾಕಿದ ಪ್ರಕರಣಗಳು 2023ರಲ್ಲಿ ಬೆಂಗಳೂರಿನಲ್ಲೇ ವರದಿಯಾದವು. ಪಾಸ್‌ವರ್ಡ್ ಬದಲಿಸಬಹುದು, ಬೆರಳನ್ನಲ್ಲ!

ಆಧಾರ್ ನೀಡುವ ಪ್ರಾಧಿಕಾರವಾದ ಯುಐಡಿಎಐ ಜಾಲತಾಣದಲ್ಲಿ ಬಯೋಮೆಟ್ರಿಕ್ ಲಾಕ್ (ಬೆರಳಚ್ಚು ಬಳಕೆಗೆ ತಡೆ) ಮಾಡಿದರೆ ಈ ದಾರಿ ಮುಚ್ಚುತ್ತದೆ. ಪಡಿತರಕ್ಕೆ ಹೆಬ್ಬೆಟ್ಟು ಒತ್ತುವ ಮುನ್ನ ಮಾತ್ರ ತಾತ್ಕಾಲಿಕವಾಗಿ ತೆರೆಯಬೇಕು, ಇಲ್ಲವಾದರೆ ಯಂತ್ರ ಒಪ್ಪದು. ಲಾಡ್ಜಿನವರು ಆಧಾರ್ ಪ್ರತಿ ಕೇಳಿದರೆ ಕೊನೆಯ 4 ಅಂಕಿಯಷ್ಟೇ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ.

ಆದರೆ ಲಾಕ್ ಮಾಡಲು ಆಧಾರ್‌ಗೆ ಮೊಬೈಲ್ ನಂಬರ್ ಜೋಡಣೆಯಾಗಿರಲೇಬೇಕು. ಹಳ್ಳಿಯ ಎಷ್ಟೋ ಹಿರಿಯರಿಗೆ ಅದಿಲ್ಲ. ಖಾತೆದಾರರು ಕೇಳುವ ತನಕ ಬ್ಯಾಂಕುಗಳೇ ಈ ಪಾವತಿ ಸೌಲಭ್ಯವನ್ನು ಬಂದ್ ಮಾಡಿಡಲಿ.