ಈ ವಾರದ ವಿಷಯ: ಹಳೆಯ ಲಾಡ್ಜ್ ಕಟ್ಟಡಗಳು

ಎಲ್ಲರಿಗೂ ನಮಸ್ಕಾರ. ಈ ವಾರ ಫ್ರೀಮೇಸನ್, ಆಡ್ ಫೆಲೋಸ್‌ನಂಥ ಸೋದರ ಸಂಘಗಳು ಕಟ್ಟಿಸಿದ ಲಾಡ್ಜ್‌ಗಳ ಬಗ್ಗೆ ಮಾತಾಡೋಣ. ಇಲ್ಲಿ ಲಾಡ್ಜ್ ಅಂದರೆ ತಂಗುವ ಹೋಟೆಲ್ ಅಲ್ಲ, ಸಂಘದ ಸದಸ್ಯರು ಸಭೆ ಸೇರುವ ಜಾಗ.

19ನೇ ಶತಮಾನದಲ್ಲಿ ಅಮೆರಿಕದ ನಗರಗಳು ಬೆಳೆಯುವಾಗ, ಕೆಲಸ ಹುಡುಕಿ ಬಂದವರಿಗೆ ಅಲ್ಲಿ ನೆಂಟರಿಷ್ಟರು ಇರುತ್ತಿರಲಿಲ್ಲ. ಕಾಯಿಲೆ ಬಿದ್ದಾಗ, ಸಾವಾದಾಗ ಇಂಥ ಸಂಘಗಳೇ ಸದಸ್ಯರ ಕೈಹಿಡಿಯುತ್ತಿದ್ದವು. ಮುಖ್ಯ ರಸ್ತೆಯಲ್ಲೇ ಕಟ್ಟಡ ಎಬ್ಬಿಸಿ, ಕೆಳಗೆ ಅಂಗಡಿಗಳಿಗೆ ಬಾಡಿಗೆ ಕೊಟ್ಟು, ಮೇಲಿನ ಮಹಡಿಯಲ್ಲಿ ಸಭೆ ನಡೆಸುವುದು ತುಂಬಾ ಕಡೆ ಇತ್ತು. ಎಷ್ಟು ಜಾಣ ಏರ್ಪಾಡು ಅಲ್ವಾ?

ಷಿಕಾಗೋದಲ್ಲಿ ಫ್ರೀಮೇಸನ್‌ಗಳು ಕಟ್ಟಿಸಿದ ಮೇಸಾನಿಕ್ ಟೆಂಪಲ್ 1892ರಲ್ಲಿ ಮುಗಿದಾಗ ಆ ನಗರದಲ್ಲೇ ಅತಿ ಎತ್ತರದ ಕಟ್ಟಡಗಳಲ್ಲಿ ಒಂದು. ಅಂಗಡಿ, ಆಫೀಸು, ಲಾಡ್ಜ್ ಎಲ್ಲ ಒಂದೇ ಸೂರಿನಡಿ. 1939ರಲ್ಲಿ ಅದನ್ನು ಕೆಡವಿದರು. ನನಗಂತೂ ಇದು ದೊಡ್ಡ ನಷ್ಟ ಅನ್ನಿಸುತ್ತದೆ. ಫಿಲಡೆಲ್ಫಿಯಾದ 1873ರ ಮೇಸಾನಿಕ್ ಟೆಂಪಲ್ ಕಟ್ಟಡ ಮಾತ್ರ ಇಂದಿಗೂ ಬಳಕೆಯಲ್ಲಿದೆ. ಒಳಗಿನ ಒಂದೊಂದು ಹಾಲ್‌ಗೂ ಬೇರೆ ಬೇರೆ ಶೈಲಿ. ಈಜಿಪ್ಟ್ ಶೈಲಿಯದ್ದನ್ನು ತಪ್ಪದೇ ನೋಡಿ.

ನೀವು ಕಂಡ ಲಾಡ್ಜ್‌ಗಳ ಫೋಟೋ ಭಾನುವಾರದೊಳಗೆ ಹಾಕಿ. ಗೋಡೆಯ ಮೇಲಿನ ಗುರುತು ಗಮನಿಸಿ: ಕೈವಾರ, L ಆಕಾರದ ಮೂಲೆಮಟ್ಟ ಇದ್ದರೆ ಮೇಸನ್‌ಗಳದ್ದು, ಮೂರು ಕೊಂಡಿಯ ಸರಪಳಿ ಇದ್ದರೆ ಆಡ್ ಫೆಲೋಸ್‌ದು. ಊರು, ಕಟ್ಟಿದ ವರ್ಷ, ಈಗ ಅಲ್ಲಿ ಏನಿದೆ ಅನ್ನುವುದನ್ನೂ ಬರೆಯಿರಿ. ಸುಮ್ನೆ ಫಾರ್ವರ್ಡ್ ಬೇಡ.