ಕಡೇ ಲಾಂಚು ಎಷ್ಟು ಹೊತ್ತಿಗೆ?

ಸಿಗಂದೂರು ಸೇತುವೆ ತೆರೆದ ಮೇಲೆ ಆಸ್ಟ್ರೇಲಿಯಾದ ಬ್ರಿಸ್ಬೇನಿನ ನಮ್ಮ ಕೂಟದ ಸುದ್ದಿಪತ್ರಕ್ಕೆ ಬಂದ ಪತ್ರಗಳನ್ನು ನೋಡಿದರೆ, ಅರ್ಧ ಸಾಗರ ತಾಲ್ಲೂಕು ಬ್ರಿಸ್ಬೇನಿಗೆ ಬಂದು ಕೂತಿದೆಯೇನೋ ಅನ್ನಿಸುತ್ತದೆ. ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಈ ಸೇತುವೆ 2025ರ ಜುಲೈ 14ರಂದು ಉದ್ಘಾಟನೆ ಆಯಿತು. ಸುಮಾರು 2.44 ಕಿಲೋಮೀಟರ್ ಉದ್ದ. ಖರ್ಚು 470 ಕೋಟಿ ರೂಪಾಯಿಗೂ ಮೇಲೆ. ಖುಷಿಯಿಂದ ಬರೆದವರು ಕೆಲವರು. ಜಾಸ್ತಿ ಜನ ಬರೆದಿದ್ದು ಮಾತ್ರ ಜನ, ವಾಹನ ಎರಡನ್ನೂ ನೀರು ದಾಟಿಸುತ್ತಿದ್ದ ಲಾಂಚು ಹೋಯಿತಲ್ಲ ಅನ್ನುವ ಬೇಜಾರಿನಿಂದ. ಒಬ್ಬರಂತೂ ಆ ಲಾಂಚನ್ನು ತೇಲುವ ಹೋಟೆಲ್ ಮಾಡಬೇಕು, ಅಲ್ಲಿ ನೀರ್‌ದೋಸೆ ಕೊಡಬೇಕು ಅಂತ ಎರಡು ಪುಟ ಬರೆದಿದ್ದಾರೆ.

ಈ ಸಂಚಿಕೆಯ ಕೆಲಸವನ್ನು ನಾನು ರಜೆಯಲ್ಲಿ ಸಾಗರದ ಮನೆಯಲ್ಲಿ ಕೂತು ಮಾಡುತ್ತಿದ್ದೇನೆ. ಹಾಗಾಗಿ ಪತ್ರಗಳನ್ನು ಭಾವನಿಗೆ ಓದಿ ಹೇಳಿದೆ. ಭಾವ ಮೇಷ್ಟ್ರಾಗಿದ್ದವರು. ಆಚೆ ದಡದ ಶಾಲೆಗೆ ವರ್ಷಗಟ್ಟಲೆ ಲಾಂಚಿನಲ್ಲೇ ಹೋಗಿ ಬಂದವರು. ಎಲ್ಲ ಕೇಳಿಸಿಕೊಂಡು, ಎದ್ದು ಹೋಗಿ ಕವಳ ಉಗಿದು ಬಂದು ಹೇಳಿದರು: "ಫೋಟೋ ತೆಗಿಯಕ್ಕೆ ಚೆಂದ ಮಾರಾಯ. ನಾನು ಮೂರು ಗಂಟೆಯಿಂದ್ಲೇ ಗಡಿಯಾರ ನೋಡ್ತಾ ಪಾಠ ಮಾಡ್ತಿದ್ದೆ. ಕಡೇ ಲಾಂಚು ತಪ್ಪಿದ್ರೆ ಆ ರಾತ್ರಿ ಯಾರ ಮನೆ ಜಗಲಿ ಅಂತ."

ಈ ಮಾತು ನನಗೆ ತಟ್ಟಿದ್ದಕ್ಕೆ ಕಾರಣ ಇದೆ. ಬ್ರಿಸ್ಬೇನಿನಲ್ಲಿ ನಮ್ಮಲ್ಲಿ ಎಷ್ಟೋ ಜನ ದಿನಾ ಹೊಳೆಯ ಮೇಲೇ ಆಫೀಸಿಗೆ ಹೋಗುವವರು. ನಾನೂ ಒಬ್ಬ. ಬುಲಿಂಬಾದಲ್ಲಿ ಹತ್ತಿ ರಿವರ್‌ಸೈಡಿನಲ್ಲಿ ಇಳಿಯುತ್ತೇನೆ. ಅಲ್ಲಿಂದ ಆಫೀಸಿಗೆ ನಡೆಯುವ ದೂರ. ಬ್ರಿಸ್ಬೇನ್ ನದಿ ಊರೊಳಗೆ ಹಾವಿನ ಹಾಗೆ ಸುತ್ತಿಕೊಂಡು ಹರಿಯುತ್ತದೆ. ಬುಲಿಂಬಾ ಅಂತಹ ಒಂದು ತಿರುವಿನೊಳಗೆ ಸಿಕ್ಕಿಕೊಂಡ ಬಡಾವಣೆ. ಎದುರಿನ ದಡ ಕಣ್ಣಿಗೆ ಕಾಣುತ್ತದೆ, ಕಾರಿನಲ್ಲಿ ಹೋಗಬೇಕಾದರೆ ದೊಡ್ಡ ಸುತ್ತು. ದೋಣಿ ಅಲ್ಲಿ ಬದುಕಿರುವುದು ಇದರಿಂದ. ನೆಟ್ಟಗೆ ಹರಿಯುವ ನದಿ, ಪಕ್ಕದಲ್ಲೇ ಒಳ್ಳೆ ರಸ್ತೆ ಇದ್ದರೆ ಯಾರು ದೋಣಿ ಹತ್ತುತ್ತಿದ್ದರು?

ಈ ಸಿಟಿಕ್ಯಾಟ್ ದೋಣಿಗಳು ಶುರುವಾಗಿದ್ದು 1996ರ ನವೆಂಬರಿನಲ್ಲಿ. ಎರಡು ಒಡಲಿನ ದೋಣಿಗಳು. ನಮ್ಮ ಕಡೆ ಹಿಂದೆ ಎರಡು ದೋಣಿ ಜೋಡಿಸಿ ಹಲಗೆ ಹಾಸಿ ಜಂಗಲ್ ಕಟ್ಟುತ್ತಿದ್ದರಲ್ಲ, ಅದರ ದೂರದ ನೆಂಟ ಅನ್ನಿ. ಒಡಲು ಸಪೂರ ಇರುವುದರಿಂದ ವೇಗವಾಗಿ ಹೋದರೂ ದೊಡ್ಡ ಅಲೆ ಏಳುವುದಿಲ್ಲ, ದಡ ಕೊರೆಯುವುದು ಕಡಿಮೆ. ಸೈಕಲ್ ಹತ್ತಿಸಬಹುದು. ಗಾಲಿಕುರ್ಚಿಯಲ್ಲಿ ಬರುವವರೂ ಹತ್ತಬಹುದು. 2024ರ ಆಗಸ್ಟ್ 5ರಿಂದ ಬಸ್ಸು, ರೈಲು, ದೋಣಿ ಎಲ್ಲದಕ್ಕೂ 50 ಸೆಂಟ್ ಟಿಕೆಟ್ಟು. ಮೊದಲು ಆರು ತಿಂಗಳ ಪ್ರಯೋಗ ಅಂದಿದ್ದರು, ಆಮೇಲೆ ಕಾಯಂ ಮಾಡಿದರು.

ಆದರೆ ಟಿಕೆಟ್ ಅಗ್ಗ ಅಂತ ಜನ ದೋಣಿ ನಂಬುವುದಿಲ್ಲ. ಹಗಲಿನಲ್ಲಿ ಹೆಚ್ಚುಕಮ್ಮಿ ಕಾಲು ಗಂಟೆಗೊಂದು ದೋಣಿ ಇದೆ. ರಾತ್ರಿ ಸಿನಿಮಾ ಮುಗಿಸಿ ಬಂದರೂ ಸಿಗುತ್ತದೆ. ಒಂದು ತಪ್ಪಿದರೆ ಇನ್ನೊಂದು ಬರುತ್ತದೆ ಅನ್ನುವ ಧೈರ್ಯ ಇದೆಯಲ್ಲ, ಅದಕ್ಕೆ ಜನ ಕಾರನ್ನು ಮನೆಯಲ್ಲಿ ಬಿಟ್ಟು ಬರುತ್ತಾರೆ. ಭಾವನಿಗೆ ಇಲ್ಲದೇ ಇದ್ದಿದ್ದು ಈ ಧೈರ್ಯ.

ಆಚೆ ದಡದ ಕರೂರು, ಬಾರಂಗಿ ಹೋಬಳಿಯವರಿಗೂ ಅದು ಇರಲಿಲ್ಲ. ಈಚೆಗಿನ ಹುಡುಗರಿಗಾಗಿ ಸ್ವಲ್ಪ ಹಿಂದಿನದು ಹೇಳುತ್ತೇನೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಶರಾವತಿ ನಿಂತಳು. ಗದ್ದೆ, ತೋಟ, ಊರು ಮುಳುಗಿದವು. ಆ ನೀರಿನಿಂದ ಶರಾವತಿ ವಿದ್ಯುದಾಗಾರದಲ್ಲಿ 1,035 ಮೆಗಾವಾಟ್ ಕರೆಂಟು ತೆಗೆಯುವ ವ್ಯವಸ್ಥೆ ಆಯಿತು, ನಾಡಿಗೆಲ್ಲ ಬೆಳಕು ಬಂತು. ತುಮರಿ ಸುತ್ತಿನ ಹಳ್ಳಿಗಳು ಮಾತ್ರ ಸಾಗರ ಪೇಟೆಯಿಂದ ಕಡಿದುಹೋದವು. ಆಸ್ಪತ್ರೆ, ಕಾಲೇಜು, ಕೋರ್ಟು, ಅಡಿಕೆ ಮಂಡಿ ಎಲ್ಲ ಈಚೆಗೆ. ಮನೆ ಆಚೆಗೆ. ನಡುವೆ ನೀರು. ಸೇತುವೆ ಬರುವುದಕ್ಕೆ 61 ವರ್ಷ ಬೇಕಾಯಿತು.

ಆ 61 ವರ್ಷ ಜನ ನೀರು ದಾಟುವ ಕಡವಾದ ಹೊಳೆಬಾಗಿಲಿನಲ್ಲಿ ಕಾದರು. ಮೊದಲು ಉಕ್ಕಡ, ದೋಣಿ, ಆಮೇಲೆ ಲಾಂಚು. ಅಗಲವಾದ ಕಬ್ಬಿಣದ ಅಟ್ಟಣಿಗೆ, ಅದರ ಮೇಲೆ ಬಸ್ಸು, ಜೀಪು, ಬೈಕು, ಮಧ್ಯೆ ಸಂದಿಯಲ್ಲಿ ನಾವು. ದಾಟುವುದಕ್ಕೆ ಕಾಲು ಗಂಟೆ, ಇಪ್ಪತ್ತು ನಿಮಿಷ. ಅಷ್ಟೇ. ಕಷ್ಟ ಇದ್ದಿದ್ದು ದಾಟುವುದರಲ್ಲಿ ಅಲ್ಲವೇ ಅಲ್ಲ, ಹತ್ತುವುದರಲ್ಲಿ. ರಜೆ ದಿನ, ಮಂಗಳವಾರ, ಶುಕ್ರವಾರ ಸಿಗಂದೂರು ಚೌಡೇಶ್ವರಿ ಅಮ್ಮನ ದರ್ಶನಕ್ಕೆ ಬಂದವರ ಕಾರಿನ ಸಾಲು ಹಿಂದಕ್ಕೆ ಬೆಳೆಯುತ್ತಿತ್ತು. ಪೇಟೆಯಿಂದ ಮನೆಗೆ ಹೋಗುವ ಊರಿನವನೂ ಅದೇ ಸಾಲಿನಲ್ಲಿ. ಇನ್ನು ರಾತ್ರಿಯ ಮಾತು. ಹೆರಿಗೆ ನೋವು ಲಾಂಚಿನ ಟೈಮ್ ನೋಡಿಕೊಂಡು ಬರುವುದಿಲ್ಲ, ಹಾವು ಕಚ್ಚುವುದೂ ಅಷ್ಟೇ. ಸುತ್ತು ಬಳಸಿ ಕಾಡಿನ ರಸ್ತೆಯಲ್ಲಿ ಹೋಗಬೇಕು. ಲಾಂಚು ಹೋಯಿತು ಅಂತ ಕಣ್ಣೀರು ಹಾಕುವ ನಮ್ಮ ಓದುಗರು ಇದನ್ನೊಮ್ಮೆ ಯೋಚಿಸಬೇಕು. ನಾವು ಅದನ್ನು ಹತ್ತುತ್ತಿದ್ದಿದ್ದು ವರ್ಷಕ್ಕೊಮ್ಮೆ, ಅದೂ ಹಗಲು ಹೊತ್ತು, ತಿಂಡಿ ತಿಂದುಕೊಂಡು.

ನೀರಿನ ಮಟ್ಟದ ತೊಂದರೆ ಇನ್ನೂ ದೊಡ್ಡದು. ಲಿಂಗನಮಕ್ಕಿ ಪೂರ್ತಿ ತುಂಬಿದರೆ ಸಮುದ್ರಮಟ್ಟದಿಂದ 1,819 ಅಡಿ. ಕರೆಂಟಿಗೆ ನೀರು ಬಿಡುತ್ತಾ ಬೇಸಿಗೆ ಹೊತ್ತಿಗೆ ಎಷ್ಟೋ ಅಡಿ ಇಳಿಯುತ್ತದೆ. ಮಳೆ ಕೈಕೊಟ್ಟ ವರ್ಷ ನೀರಿನಲ್ಲಿ ಮುಳುಗಿರುವ ಹಳೇ ಹಿರೇಭಾಸ್ಕರ ಅಣೆಕಟ್ಟೆಯೇ ಮೇಲೆ ಎದ್ದು ಕೂರುತ್ತದೆ. ನೀರು ಇಳಿದಂತೆ ದಡವೂ ಹಿಂದಕ್ಕೆ ಸರಿಯುತ್ತದೆ. ಇವತ್ತು ಲಾಂಚು ನಿಂತ ಜಾಗ ಮುಂದಿನ ತಿಂಗಳು ಒಣ ಮಣ್ಣು. ಲಾಂಚಿನ ಬಾಯಿ ಹಲಗೆ ದಡಕ್ಕೆ ಸರಿಯಾಗಿ ಕೂರದೆ, ವಾಹನ ಹತ್ತಿಸುವುದನ್ನೇ ನಿಲ್ಲಿಸಿದ ಬೇಸಿಗೆಗಳಿವೆ. ಜನ ಮಾತ್ರ ದಾಟಬೇಕು, ಆಚೆ ಹೋಗಿ ಬೇರೆ ಗಾಡಿ ಹುಡುಕಬೇಕು.

ಬ್ರಿಸ್ಬೇನಿನ ತೊಂದರೆ ಇದಕ್ಕೆ ಉಲ್ಟಾ, ಅಲ್ಲಿ ನೆರೆ. 2011ರ ಜನವರಿಯ ನೆರೆಯಲ್ಲಿ ದೋಣಿಕಟ್ಟೆಗಳು ಕಿತ್ತು ಹಾಳಾದವು. ಆಮೇಲೆ ಹೊಸದಾಗಿ ಕಟ್ಟುವಾಗ ಒಂದು ಜಾಣತನ ಮಾಡಿದರು. ದಡದಿಂದ ತೇಲುವ ಕಟ್ಟೆಗೆ ಹೋಗುವ ಸೇತು ನೆರೆಗೆ ಎದುರು ನಿಲ್ಲುವುದಿಲ್ಲ. ನೀರಿನ ಒತ್ತಡ ಜಾಸ್ತಿ ಆದರೆ ಕೊಂಡಿ ಬಿಟ್ಟುಕೊಂಡು ಹರಿವಿನ ಕಡೆಗೆ ತಿರುಗುತ್ತದೆ. 2022ರ ಫೆಬ್ರವರಿಯಲ್ಲಿ ಮತ್ತೆ ನೆರೆ ಬಂತು, ದೋಣಿ ಮತ್ತೆ ನಿಂತಿತು. ಮಂಜು ದಟ್ಟವಾದ ಬೆಳಿಗ್ಗೆಗಳಲ್ಲೂ ನಿಲ್ಲಿಸುತ್ತಾರೆ. ಹಾಗಾಗಿ ದೋಣಿ ನಂಬಿದವರು ಬಸ್ಸಿನ ದಾರಿಯನ್ನೂ ತಿಳಿದಿರಬೇಕು. ನಮ್ಮ ಕೂಟಕ್ಕೆ ಹೊಸದಾಗಿ ಬಂದವರು ಕೇಳಿದಾಗ ನಾನು ಇದನ್ನೇ ಹೇಳುವುದು.

ಅದೆಲ್ಲ ಹೊರದೇಶದ ಕಥೆ, ನಮ್ಮಲ್ಲಿ ಆಗುತ್ತದಾ ಅನ್ನುವವರು ಕೊಚ್ಚಿಗೆ ಹೋಗಿ ನೋಡಬೇಕು. ಅಲ್ಲಿ 2023ರ ಏಪ್ರಿಲಿನಲ್ಲಿ ವಾಟರ್ ಮೆಟ್ರೋ ಶುರುವಾಯಿತು. ಬ್ಯಾಟರಿಯಲ್ಲಿ ಓಡುವ, ನೂರು ಜನ ಹಿಡಿಯುವ ದೋಣಿಗಳು. ಕಟ್ಟಿದ್ದು ಅದೇ ಊರಿನ ಹಡಗು ಕಾರ್ಖಾನೆ. ಶುರುವಿಗೆ ಕಡಿಮೆ ಟಿಕೆಟ್ಟು 20 ರೂಪಾಯಿ. ದೋಣಿಕಟ್ಟೆ ತೇಲುವಂಥದ್ದು. ಉಬ್ಬರ ಇಳಿತ ಏನೇ ಇರಲಿ, ಕಟ್ಟೆಯೂ ದೋಣಿಯೂ ಒಂದೇ ಮಟ್ಟದಲ್ಲಿರುತ್ತವೆ. ಸೀರೆ ಉಟ್ಟ ಅಜ್ಜಿ ಯಾರ ಕೈಯನ್ನೂ ಹಿಡಿಯದೆ ಹತ್ತಬಹುದು. ಉಬ್ಬರ ಇಳಿತಕ್ಕಿಂತ ನಮ್ಮ ಹಿನ್ನೀರಿನ ಏರಿಳಿತ ಎಷ್ಟೋ ಪಾಲು ಹೆಚ್ಚು, ಅದು ನಿಜ. ಆದರೂ ತೇಲುವ ಕಟ್ಟೆ ನಮ್ಮಲ್ಲಿ ಆಗದ ವಿದ್ಯೆ ಏನಲ್ಲ.

ಇದೇ ಹುಮ್ಮಸ್ಸಿನಲ್ಲಿ ಶಿವಮೊಗ್ಗದ ಓದುಗರೊಬ್ಬರು ಗಾಜನೂರಿನಿಂದ ಪೇಟೆಗೆ ತುಂಗೆಯಲ್ಲೂ ದೋಣಿ ಬಿಡಿ ಅಂತ ಬರೆದಿದ್ದಾರೆ. ಕ್ಷಮಿಸಿ, ಅದು ಆಗುವ ಮಾತಲ್ಲ. ಮಳೆಗಾಲದಲ್ಲಿ ಹೊಳೆಯಲ್ಲಿರುವ ಕೋರ್ಪಲಯ್ಯನ ಮಂಟಪ ಮುಳುಗಿತಾ ಅಂತ ಊರೆಲ್ಲ ಸೇತುವೆ ಮೇಲೆ ನಿಂತು ನೋಡುತ್ತದೆ. ಬೇಸಿಗೆಯಲ್ಲಿ ಅದೇ ಹೊಳೆಯಲ್ಲಿ ಬಂಡೆ ಎಣಿಸಬಹುದು. ವರ್ಷದಲ್ಲಿ ಕೆಲವೇ ತಿಂಗಳು ಓಡುವ ದೋಣಿಗೆ ಯಾರು ಪಾಸು ಮಾಡಿಸುತ್ತಾರೆ? ತುಂಗೆಯ ಪಕ್ಕದಲ್ಲಿ ರಸ್ತೆ ಇದೆ, ಸಿಟಿ ಬಸ್ಸು ಜಾಸ್ತಿ ಮಾಡಿ ಅಂತ ಕೇಳುವುದು ಒಳ್ಳೆಯದು.

ಹಾಗಾದರೆ ಹೊಳೆಬಾಗಿಲಿನ ಲಾಂಚುಗಳಿಗೆ ಕೆಲಸ ಎಲ್ಲಿ? ಬ್ರಿಸ್ಬೇನಿನಲ್ಲೂ ಹೀಗೆ ಆಗಿದೆ. ಡಟನ್ ಪಾರ್ಕಿನಿಂದ ವಿಶ್ವವಿದ್ಯಾಲಯದ ಕಡೆಗೆ ದಾಟಿಸುವ ದೋಣಿ ಇತ್ತು. 2006ರ ಕೊನೆಗೆ ಅಲ್ಲೊಂದು ಸೇತುವೆ ಬಂತು. ಬಸ್ಸು, ಸೈಕಲ್ಲು, ನಡೆಯುವವರು, ಇಷ್ಟು ಜನಕ್ಕೆ ಮಾತ್ರ, ಕಾರಿಗೆ ಪ್ರವೇಶ ಇಲ್ಲ. ಆ ದಾಟುದೋಣಿ ನಿಂತಿತು. ಉಳಿದ ಕಡೆ ದೋಣಿ ಓಡುತ್ತಲೇ ಇದೆ. ಸೇತುವೆ ಬಂದ ಜಾಗದಲ್ಲಿ ದೋಣಿ ಉಳಿಸಿಕೊಳ್ಳಲೇಬೇಕು ಅಂತ ಯಾರೂ ಹಟ ಹಿಡಿಯಲಿಲ್ಲ.

ಶರಾವತಿ ಹಿನ್ನೀರಿನಲ್ಲಿ ಲಾಂಚಿನ ಕಡವು ಅಂದರೆ ಹೊಳೆಬಾಗಿಲು ಒಂದೇ ಅಲ್ಲ ಇರುವುದು. ಹಸಿರುಮಕ್ಕಿ ಇದೆ, ಮುಪ್ಪಾನೆ ಇದೆ. ಹಸಿರುಮಕ್ಕಿಯಲ್ಲಿ ಸೇತುವೆ ಕೆಲಸ ಹಿಡಿದು ವರ್ಷಗಳೇ ಆದವು. ನನ್ನ ಮಾತು ಇಷ್ಟೇ: ಲಾಂಚು ಇರುವಷ್ಟು ದಿನ ಸೇತುವೆ ಇಲ್ಲದ ಕಡವಿನಲ್ಲಿ ಓಡಲಿ. ಕಾಲೇಜು ಬಿಡುವ ಹೊತ್ತಿಗೆ ಹೊಂದುವ ಹಾಗೆ ಓಡಲಿ, ಇಳಿದ ಕಡೆ ಬಸ್ಸು ನಿಂತಿರಲಿ, ಟೈಮು ಬೋರ್ಡಿನ ಮೇಲೆ ಬರೆದಿರಲಿ, ಸಂಜೆ ಇನ್ನೊಂದು ಟ್ರಿಪ್ಪು ಜಾಸ್ತಿ ಇರಲಿ. ಲೈಫ್ ಜಾಕೆಟ್ಟು ಮೂಲೆಯಲ್ಲಿ ಗಂಟು ಕಟ್ಟಿ ಇಡುವ ಬದಲು ಕೈಗೆ ಸಿಗುವ ಹಾಗಿರಲಿ. ತೇಲುವ ಹೋಟೆಲ್ಲಿನ ಯೋಚನೆ ಆಮೇಲೆ ಮಾಡೋಣ, ನೀರ್‌ದೋಸೆ ಸಾಗರದಲ್ಲೇ ಚೆನ್ನಾಗಿ ಸಿಗುತ್ತದೆ.

ಸೇತುವೆ ಬಂದ ಮೇಲೂ ಭಾವನಿಗೆ ಒಂದು ತಕರಾರು ಇದೆ. ರಸ್ತೆ ಆಯಿತು, ಸ್ವಂತ ಗಾಡಿ ಇದ್ದವರಿಗೆ ಸುಖ ಆಯಿತು. ಗಾಡಿ ಇಲ್ಲದ ಹುಡುಗಿ ಕಾಲೇಜು ಮುಗಿಸಿ ಸಂಜೆ ತುಮರಿ ಕಡೆಗೆ ಹೋಗಬೇಕಾದರೆ ಕಡೇ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳುತ್ತಾರೆ. ಲಾಂಚಿನ ಬಗ್ಗೆ ನಮಗೆ ಪತ್ರ ಬರೆದವರಲ್ಲಿ ಒಬ್ಬರೂ ಇದನ್ನು ಕೇಳಿರಲಿಲ್ಲ.

ನಮ್ಮ ಕೂಟದಲ್ಲಿ ಹಸಿರುಮಕ್ಕಿ, ಮುಪ್ಪಾನೆ, ಬ್ಯಾಕೋಡು ಕಡೆಯವರು ಇದ್ದರೆ ದಯವಿಟ್ಟು ಬರೆಯಿರಿ. ನಿಮ್ಮ ಮನೆಯವರು ಈಗ ಪೇಟೆಗೆ ಹೇಗೆ ಹೋಗಿ ಬರುತ್ತಾರೆ, ಯಾವ ಹೊತ್ತಿಗೆ ಏನು ಸಿಗುತ್ತದೆ, ಅಷ್ಟು ಸಾಕು. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಬಿಟ್ಟಿದ್ದೇವೆ. ಫೋಟೋ ಬೇಡ, ಫೋಟೋ ನಮ್ಮಲ್ಲಿ ಬೇಕಾದಷ್ಟಿವೆ.