ಖಾಲಿ ಜಾಗದ ಬದಲು ಪ್ರಶ್ನೆ ಕೇಳಿ: ಕಾನೂನು ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕಾನೂನು ಸಚಿವರೇ,

ನಮಸ್ಕಾರ. ವಕೀಲರನ್ನು ಇಟ್ಟುಕೊಳ್ಳಲು ಆಗದವರು ನಷ್ಟಪರಿಹಾರ ಕೇಳಿ ತಾವೇ ತುಂಬುವ ದಾವೆ ಅರ್ಜಿಯ ಬಗ್ಗೆ ಈ ಪತ್ರ. ಅದರಲ್ಲಿ ‘ಘಟನೆಯ ವಿವರ’ ಎಂದು ಬರೆದು ಖಾಲಿ ಜಾಗ ಬಿಟ್ಟಿರುತ್ತಾರೆ. ಜನ ಅಲ್ಲಿ ತಮ್ಮ ನೋವನ್ನೆಲ್ಲ ತೋಡಿಕೊಳ್ಳುತ್ತಾರೆ. ಆದರೆ ನ್ಯಾಯಾಧೀಶರು ಹುಡುಕುವ ಅಂಶಗಳೇ ಎಷ್ಟೋ ಸಲ ಅದರಲ್ಲಿ ಇರುವುದಿಲ್ಲ. ಕಾನೂನು ನೆರವು ಕೇಂದ್ರದಲ್ಲಿ ಕೂತು ಇಂಥ ಅರ್ಜಿಗಳನ್ನು ಓದುವವಳು ನಾನು. ಆ ಖಾಲಿ ಜಾಗ ತೆಗೆದು ನೇರ ಪ್ರಶ್ನೆಗಳನ್ನು ಅಚ್ಚು ಹಾಕಿಸಿ. ನಾನು ಕೇಳುವುದು ಇಷ್ಟೇ.

ಮೊದಲು ಕೇಳಬೇಕಾದದ್ದು: ಬೇಕಂತಲೇ ಮಾಡಿದ್ದಾ, ಎಚ್ಚರ ತಪ್ಪಿ ಆಗಿದ್ದಾ? ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ಬೇಕಂತಲೇ ಅಂದರೆ ದ್ವೇಷ ಇರಲೇಬೇಕು ಅಂತ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಆರು ವರ್ಷವೂ ತುಂಬದ ಹುಡುಗನೊಬ್ಬ ಕುರ್ಚಿ ಸರಿಸಿದ. ಅದರ ಮೇಲೆ ಕೂರಲು ಹೋದ ಮಹಿಳೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಅವನಿಗೆ ನೋವು ಕೊಡುವ ಆಸೆ ಇತ್ತಾ ಎಂಬುದರ ಮೇಲೆ ಕೇಸು ನಿಂತಿರಲಿಲ್ಲ. ಆಕೆ ಅಲ್ಲೇ ಕೂರಲು ಹೋಗುತ್ತಾರೆ ಎಂಬುದು ಅವನಿಗೆ ಹೆಚ್ಚುಕಮ್ಮಿ ಖಚಿತವಾಗಿ ಗೊತ್ತಿದ್ದರೆ ಸಾಕು ಎಂದು 1955ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು.

ಬೇಕಂತಲೇ ಮಾಡಿದ ತಪ್ಪಿನಲ್ಲಿ ಇನ್ನೊಂದು ಮುಖ್ಯ ವಿಷಯವಿದೆ. ಒಪ್ಪಿಗೆ ಇಲ್ಲದೆ ಮೈಮೇಲೆ ಕೈ ಹಾಕಿದರೆ ಗಾಯವೇ ಆಗಬೇಕೆಂದಿಲ್ಲ. ಈಗಲೇ ಹೊಡೆಯುತ್ತಾನೆ ಅನ್ನಿಸುವಂತೆ ಕೈ ಎತ್ತಿದರೂ ದಾವೆ ಹೂಡಬಹುದು. ಕೋಣೆಯಲ್ಲಿ ಕೂಡಿಹಾಕಿದರೂ ಅಷ್ಟೇ. “ನನಗೆ ಪೆಟ್ಟೇನೂ ಆಗಿಲ್ಲ, ಕೇಸು ಎಲ್ಲಿ ನಿಲ್ಲುತ್ತೆ?” ಎಂದು ಎಷ್ಟೋ ಜನ ಎದ್ದು ಹೋಗುತ್ತಾರೆ. ನನಗೆ ತುಂಬಾ ಸಂಕಟವಾಗುವುದು ಆಗಲೇ. ಅವರನ್ನು ಕೇಳಬೇಕಾದದ್ದೇ ಬೇರೆ: ಹೊರಗೆ ಹೋಗಲು ಬೇರೆ ದಾರಿ ಇತ್ತಾ? ಒಂದು ಕಡೆ ಮಾತ್ರ ತಡೆದು ಇನ್ನೊಂದು ದಾರಿ ತೆರೆದಿದ್ದರೆ ಅದು ಬಂಧನವಲ್ಲ ಎಂದು ಇಂಗ್ಲೆಂಡಿನಲ್ಲಿ 1845ರಲ್ಲೇ ತೀರ್ಪಾಗಿದೆ.

ನಿರ್ಲಕ್ಷ್ಯದ ದಾವೆ ಇದಕ್ಕೆ ತಿರುಗುಮುರುಗು. ಅಲ್ಲಿ ಹಾನಿ ಆಗಿರಲೇಬೇಕು. ಎದುರಿನವರು ಎಷ್ಟೇ ಬೇಜವಾಬ್ದಾರಿಯಿಂದ ನಡೆದುಕೊಂಡಿರಲಿ, ನಮಗೆಷ್ಟೇ ಕೋಪ ಬಂದಿರಲಿ, ಹಾನಿ ಇಲ್ಲದಿದ್ದರೆ ದಾವೆ ಇಲ್ಲ. ಹಾನಿ ಆಗಿದ್ದರೂ ಅವರಿಗೆ ನಮ್ಮ ಬಗ್ಗೆ ಎಚ್ಚರ ವಹಿಸುವ ಹೊಣೆ ಇತ್ತು ಎಂದು ತೋರಿಸಬೇಕು. ಅದರಲ್ಲಿ ಅವರು ತಪ್ಪಿದರು ಎಂದೂ ತೋರಿಸಬೇಕು. “ನನಗೆ ತಿಳಿದಷ್ಟು ಮಟ್ಟಿಗೆ ಸರಿಯಾಗೇ ಮಾಡಿದೆ” ಎನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಬೆಂಕಿ ಹತ್ತಬಹುದು ಎಂದು ಎಚ್ಚರಿಸಿದರೂ ಬಣವೆಯನ್ನು ಹಾಗೇ ಬಿಟ್ಟು ಪಕ್ಕದವರ ಮನೆ ಸುಡಲು ಕಾರಣನಾದ ಒಬ್ಬ ರೈತ ಇಂಗ್ಲೆಂಡಿನಲ್ಲಿ ಇದೇ ವಾದ ಹೂಡಿದ್ದ. ಸಾಮಾನ್ಯ ವಿವೇಕ ಇರುವವರು ಏನು ಮಾಡುತ್ತಿದ್ದರು ಅನ್ನುವುದೇ ಅಳತೆ ಎಂದು 1837ರಲ್ಲಿ ಕೋರ್ಟ್ ಹೇಳಿತು. ಆ ಅಳತೆ ಇವತ್ತಿಗೂ ಉಳಿದಿದೆ.

ಜನ ಜಾಸ್ತಿ ಸೋಲುವುದು ಕಾರಣ ಸಂಬಂಧದಲ್ಲಿ, ಅಂದರೆ ಎದುರಿನವರ ತಪ್ಪಿನಿಂದಲೇ ಹಾನಿ ಆಯಿತು ಎಂದು ತೋರಿಸುವುದರಲ್ಲಿ. 1960ರ ದಶಕದ ಒಂದು ಇಂಗ್ಲಿಷ್ ಕೇಸು ನೋಡಿ. ಚಹಾ ಕುಡಿದ ಮೇಲೆ ವಾಂತಿ ಶುರುವಾಗಿ ಮೂವರು ಕಾವಲುಗಾರರು ಆಸ್ಪತ್ರೆಗೆ ಹೋದರು. ವೈದ್ಯರು ನೋಡದೆ ಮನೆಗೆ ಕಳಿಸಿದರು. ಅವರಲ್ಲಿ ಒಬ್ಬ ಸತ್ತ. ಚಹಾದಲ್ಲಿ ಆರ್ಸೆನಿಕ್ ಇತ್ತು. ಆಸ್ಪತ್ರೆಗೆ ಹೊಣೆ ಇತ್ತು, ಅದರಲ್ಲಿ ತಪ್ಪಿತು ಎಂದು ಕೋರ್ಟ್ ಒಪ್ಪಿತು. ಆದರೂ ಅವನ ಹೆಂಡತಿ ಸೋತರು. ವೈದ್ಯರು ನೋಡಿದ್ದರೂ ಆ ವಿಷದಿಂದ ಅವನು ಉಳಿಯುತ್ತಿರಲಿಲ್ಲ ಎಂದು ಸಾಕ್ಷ್ಯ ಹೇಳಿತು. ಕಾನೂನಿನ ಲೆಕ್ಕ ಸರಿ ಇರಬಹುದು, ಆದರೆ ಓದಿದಾಗೆಲ್ಲ ಕಷ್ಟವಾಗುತ್ತದೆ. ಇಂಥ ಅಡ್ಡಿ ಇದೆ ಎಂದು ಅರ್ಜಿ ತುಂಬುವಾಗಲೇ ಗೊತ್ತಾದರೆ ವೈದ್ಯಕೀಯ ದಾಖಲೆ, ತಜ್ಞರ ಅಭಿಪ್ರಾಯ ಹೊಂದಿಸಿಕೊಳ್ಳಲು ಸಮಯ ಸಿಗುತ್ತದೆ. ವಿಚಾರಣೆಯ ದಿನ ಗೊತ್ತಾದರೆ ಏನು ಪ್ರಯೋಜನ?

ಜನರ ಬಾಯಲ್ಲಿ ಉತ್ತರ ತುರುಕಿದಂತಾಗುತ್ತದೆ ಎಂದು ಕೆಲವರು ತಕರಾರು ತೆಗೆಯಬಹುದು. ವಕೀಲರು ತಮ್ಮ ಕಕ್ಷಿದಾರರನ್ನು ಕೇಳುವುದೂ ಇವೇ ಪ್ರಶ್ನೆಗಳು, ಅಲ್ವಾ? ದುಡ್ಡಿದ್ದವರಿಗೆ ಸಿಗುವ ಪ್ರಶ್ನೆ ಉಳಿದವರಿಗೂ ಸಿಗಲಿ. ಎದುರು ಪಕ್ಷಕ್ಕೆ ಇದರಿಂದ ಅನ್ಯಾಯವೂ ಇಲ್ಲ. ತಮ್ಮ ಮೇಲಿನ ಆರೋಪ ಏನು ಎಂಬುದು ಅವರಿಗೂ ಮೊದಲ ಪುಟದಲ್ಲೇ ತಿಳಿಯುತ್ತದೆ.

ಇದಕ್ಕೆ ಹೊಸ ಕಾನೂನು ಬೇಡ. ಅರ್ಜಿ ನಮೂನೆ ಬದಲಿಸಿದರೆ ಸಾಕು. ಆಡುಮಾತಿನಲ್ಲಿ ಎರಡು ಪುಟ ಮಾಡಿಸಿ, ಅಚ್ಚಿಗೆ ಹೋಗುವ ಮೊದಲು ಕಾನೂನು ಓದದ ಕೆಲವರ ಕೈಯಲ್ಲಿ ತುಂಬಿಸಿ ನೋಡಿ. ಅವರು ಎಲ್ಲಿ ತಡವರಿಸುತ್ತಾರೋ ಆ ಪ್ರಶ್ನೆಯನ್ನು ಮತ್ತೆ ಬರೆಸಿ.

ಇಂತಿ,
ಕಾನೂನು ನೆರವು ಕೇಂದ್ರದ ಒಬ್ಬ ಕಾರ್ಯಕರ್ತೆ